ಕೆಂಚನ ಹೊಟ್ಟೆ ತೊಳೆದ ನೀರು

೨೨ ಮೇ ೧೯೬೬, ಭಾನುವಾರ

ಕನ್ನಡದಲ್ಲಿ ಬರೆಯುತ್ತೇನೆ! ಕಾನ್ವೆಂಟಿನಲ್ಲಿ ಒಂದು ಕನ್ನಡ ಮಾತು ಬಾಯಿಂದ ಬಿದ್ದರೂ ಕುತ್ತಿಗೆಗೆ ಹಲಗೆ ಕಟ್ಟಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗ ನಾನು ಮಿಸೆಸ್ ದೇರಪ್ಪ. ಯಾರು ನಿಲ್ಲಿಸುತ್ತಾರೆ, ನೋಡೋಣ! ಈ ಡೈರಿಯನ್ನು ಯಾರಿಗೂ ತೋರಿಸುವುದಿಲ್ಲ. ಇವರಿಗೂ ಇಲ್ಲ.

ಮದುವೆಯಾಗಿ ಇಪ್ಪತ್ತಮೂರು ದಿನ. ಬೆಳಿಗ್ಗೆ ಎದ್ದು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಬಂಗಲೆ ನನ್ನದೇ? ಕಿಟಕಿಯಾಚೆಗಿನ ಈ ಕಾಫಿ ಗುಡ್ಡ ನನ್ನದೇ? ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವ ಈ ಎತ್ತರದ ಚೆಲುವ ನನ್ನವನೇ? ಹೌದು, ಹೌದು, ಹೌದು! ಅತ್ತೆ ಮಾವ ಕೆಳಗೆ ಸಂಪಾಜೆಯಲ್ಲಿ. ಇಲ್ಲಿ ನಾವಿಬ್ಬರೇ. ಅಡುಗೆಗೆ ಲಿಂಗಿ ಇದ್ದಾಳೆ. ಹಂಡೆಗೆ ಬೆಂಕಿ ಹಾಕಲು, ಸೌದೆ ಒಡೆಯಲು ಕೆಂಚ ಎಂಬವನು ಲೈನಿನಿಂದ, ಅಂದರೆ ಆಳುಗಳ ಸಾಲುಮನೆಯಿಂದ, ಬರುತ್ತಾನೆ. ನನ್ನನ್ನು ಕಂಡರೆ ಸೌದೆಯ ಹೊರೆಯೊಳಗೆ ಮುಖ ಮುಚ್ಚಿಕೊಳ್ಳುತ್ತಾನೆ, ಹೊಸ ಹೆಣ್ಣು ನಾನೋ ಅವನೋ!

ಒಂದು ರಹಸ್ಯವೂ ಇದೆ. ತೌರಿನಿಂದ ತಂದ ನನ್ನ ಕಿತ್ತಳೆ ವೈನಿನ ಬಾಟಲಿ ದಿನಕ್ಕೆರಡು ಬೆರಳು ಇಳಿಯುತ್ತಿದೆ. ಇವರು ಬೆಳಕಿಗೆ ಹಿಡಿದು ನೋಡಿ ನಕ್ಕರು. ಇವರ ಮನೆಮಾತಿನಲ್ಲಿ ಹುಡುಗಿಗೆ ಗೂಡೆ. "ಎಂತ ಗೂಡೆ, ನಿನ್ನ ವೈನಿಗೆ ಗಿರಾಕಿ ಬಂದುಟು!"

೨೫ ಮೇ, ಬುಧವಾರ

ಇವತ್ತು ನಾವಿಬ್ಬರೂ ಸೇರಿ ಒಂದು ಕಿತಾಪತಿ ಮಾಡಿದೆವು. ಬರೆಯುವಾಗಲೂ ನಗು ಬರುತ್ತಿದೆ.

ಮಳೆ ಹಿಡಿಯುವ ಮೊದಲು ಕಾಫಿಗೆ ಸ್ಪ್ರೇ ಹೊಡೆಯಬೇಕು, ಇಲ್ಲದಿದ್ದರೆ ಎಲೆಗೆ ಬೂಷ್ಟು ಹಿಡಿಯುತ್ತದಂತೆ. ಅದಕ್ಕೆ ಸುಣ್ಣದ ಜೊತೆ ಮೈಲುತುತ್ತು ಕಲಸುತ್ತಾರೆ. ಇವರು ಗೋಡೌನಿನಿಂದ ಒಂದು ಹಿಡಿ ತಂದು ನನ್ನ ಅಂಗೈಗೆ ಸುರಿದರು. ಅಯ್ಯೋ, ಆ ನೀಲಿ! ಬಿಷಪ್ಪರ ಉಂಗುರದ ಕಲ್ಲೂ ಅಷ್ಟು ಚಂದವಿರಲಿಲ್ಲ.

"ಒಂದು ಚಿಟಿಕೆ ವೈನಿಗೆ ಹಾಕ್. ಕದ್ದು ಕುಡ್ದಂವ ಕಾರಿ ಕಾರಿ ಸಿಕ್ಕಿ ಬೀಳ್ದೆ," ಎಂದರು.

ಪುಡಿ ಮಾಡಿ ಒಂದು ಚಿಟಿಕೆ ಹಾಕಿದೆ. ಇಷ್ಟರಿಂದ ಏನಾಗುತ್ತದೆ ಅನಿಸಿತು. ಚಮಚ ತೆಗೆದುಕೊಂಡು ಒಂದು, ಎರಡು, ಮೂರು ಚಮಚ ಹಾಕಿದೆ. ಒಗರು ಗೊತ್ತಾಗದಿರಲೆಂದು ಮೇಲಿಂದ ಸಕ್ಕರೆ. ಕಡು ಹಸಿರು ಬಾಟಲಿ, ಬಣ್ಣ ಕಾಣುವುದೇ ಇಲ್ಲ! ಇವರು ಮೇಜು ಹಿಡಿದುಕೊಂಡು ನಕ್ಕರು. "ನೀ ನನ್ನಿಂದ ಜೋರು ಉಟ್ಟು!" ನಡುವೆ ಲಿಂಗಿ ಅಕ್ಕಿ ಎಷ್ಟು ಹಾಕಲಿ ಎಂದು ಕೇಳಲು ಬಂದಳು. ಮೂರು ಪಾವು ಎಂದು ಹೇಳಿ ಓಡಿಸಿದೆವು. ಗಂಡ ಹೆಂಡತಿಗೆ ಒಂದು ಗುಟ್ಟು ಇರಬೇಕಂತೆ. ಇದು ನಮ್ಮ ಮೊದಲನೆಯದು.

೨೭ ಮೇ, ಶುಕ್ರವಾರ

ಕಳ್ಳ ಕೆಂಚ!

ಬೆಳಿಗ್ಗೆ ಬಚ್ಚಲಿನ ಹಿಂದೆ ಮಂಡಿಯೂರಿ ವಾಂತಿ ಮಾಡುತ್ತಿದ್ದ. ವಾಂತಿ ನೀಲಿ! ನಾವು ಕಿಟಕಿಯ ಪರದೆ ಹಿಂದೆ ನಿಂತು ನೋಡಿದೆವು. ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಭೇದಿಯೂ ಹಿಡಿಯಿತಂತೆ. ಅವನ ಹೆಂಡತಿ ಚೋಮಿ ಓಡಿ ಬಂದು ಮಜ್ಜಿಗೆ ಕೇಳಿದಳು, ದೊಡ್ಡ ಚೆಂಬಿನ ತುಂಬ ಕೊಟ್ಟೆ. "ಸಂಜೆಗೆ ಅಂವ ಸರಿ ಆದೆ. ಇನ್ನು ಜೀವಮಾನದಲ್ಲಿ ಮುಟ್ಟಿಕೆ ಇಲ್ಲೆ," ಎಂದರು ಇವರು.

೩೦ ಮೇ, ಸೋಮವಾರ

ಕೆಂಚನಿಗೆ ಎರಡು ದಿನದಿಂದ ಮೂತ್ರವೇ ಬಂದಿಲ್ಲ. ಮುಖ ಊದಿದೆ, ಕಣ್ಣು ಅರಿಸಿನ. ಇವರು ಎಷ್ಟು ಒಳ್ಳೆಯವರು! ಬೇರೆ ಯಾವ ಸಾಹುಕಾರರು ಲೈನಿನ ಆಳನ್ನು ತಮ್ಮ ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋಗುತ್ತಾರೆ? ನಾನೂ ಹೋದೆ.

ಡಾಕ್ಟರ್ ಮೊಣ್ಣಪ್ಪ ಮದ್ರಾಸಿನಲ್ಲಿ ಕಲಿತು ಈಚೆಗೆ ನರ್ಸಿಂಗ್ ಹೋಂ ತೆರೆದವರು, ಚಿಕ್ಕ ವಯಸ್ಸು. ಏನು ಕುಡಿದ ಎಂದು ಕೇಳಿದರು. "ಸ್ಪ್ರೇ ಕಲಸೋ ಡ್ರಮ್ಮಿಂದ ನೀರೂಂತ ಕುಡಿದುಬಿಟ್ಟಿದ್ದಾನೆ," ಎಂದರು ಇವರು. ಅದೇ ಹೊತ್ತಿಗೆ ಮೇಜಿನ ಕೆಳಗೆ ನನ್ನ ಕೈ ಒತ್ತಿದರು. ಎಲ್ಲರ ಎದುರಿಗೆ! ನನಗೆ ಕಿವಿಯವರೆಗೂ ಬಿಸಿಯಾಯಿತು.

ಮನೆಗೆ ಬಂದು ಬಾಟಲಿಯನ್ನು ಬೂದಿ ಹಾಕಿ ಮೂರು ಸಲ ತೊಳೆದೆ.

೨ ಜೂನ್, ಗುರುವಾರ

ಎಂಥ ಅದ್ಭುತ ನೋಡಿದೆ ಇವತ್ತು!

ಕೆಂಚನ ಎರಡು ಮೂತ್ರಪಿಂಡಗಳೂ ಕೆಲಸ ನಿಲ್ಲಿಸಿವೆ. ಎರಡು ಮೂರು ವಾರ ಹೇಗಾದರೂ ಬದುಕಿಸಿಟ್ಟರೆ ಅವು ತಾವಾಗಿಯೇ ಎಚ್ಚರಗೊಳ್ಳುತ್ತವಂತೆ. ಅಲ್ಲಿಯವರೆಗೆ ಡಾಕ್ಟರು ಹೊಟ್ಟೆಯನ್ನೇ ಮೂತ್ರಪಿಂಡ ಮಾಡಿದ್ದಾರೆ! ಹೊಕ್ಕುಳ ಕೆಳಗೆ ತೂತು ಮಾಡಿ ಟ್ಯೂಬು ಇಳಿಸುತ್ತಾರೆ. ಕಂಬಕ್ಕೆ ತಲೆಕೆಳಗಾಗಿ ತೂಗುಹಾಕಿದ ಎರಡು ಬಾಟಲಿಗಳಿಂದ ತಿಳಿಯಾದ ನೀರು ಹೊಟ್ಟೆಗೆ ಹೋಗುತ್ತದೆ. ಅರ್ಧ ಗಂಟೆ ಅಲ್ಲೇ ನಿಂತು, ರಕ್ತದ ವಿಷವನ್ನು ಹೀರಿಕೊಂಡು, ಕೆಳಗಿನ ಜಾಡಿಗೆ ಇಳಿಯುತ್ತದೆ. ಮತ್ತೆ ಹೊಸ ಬಾಟಲಿ. ಇದಕ್ಕೆ ಡಯಾಲಿಸಿಸ್ ಎಂದು ಹೆಸರು. ಬಾಟಲಿಯ ಬಾಯಿಯ ರಬ್ಬರಿಗೆ ಎರಡು ಸೂಜಿ: ಒಂದು ನೀರು ಇಳಿಯಲು, ಇನ್ನೊಂದು ಗಾಳಿ ಒಳಗೆ ಹೋಗಲು. ಡಾಕ್ಟರು ಎಲ್ಲವನ್ನೂ ನನಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಮಾತಾಡಲು ಇಲ್ಲಿ ಯಾರೂ ಇಲ್ಲವಂತೆ ಪಾಪ.

ಚೋಮಿ ಮಂಚದ ಕೆಳಗೇ ಮಲಗುತ್ತಾಳೆ. ಗಂಡನನ್ನು ಬೈಯುತ್ತಲೇ ಕಾಲು ಒತ್ತುತ್ತಾಳೆ. "ಕುಡಿಯಕ್ಕೆ ಬಾಯಿ ಉಂಟು, ಉಚ್ಚೆ ಹೊಯ್ಯಕ್ಕೆ ಮಾತ್ರ ದೊಡ್ಡ ದೊರೆ! ಆಳು ಬೇಕಾ ನಿಂಗೆ?" ಊದಿದ ಮುಖದಲ್ಲೇ ಅವನು ನಗುತ್ತಾನೆ.

"ನೀ ದಿನಾ ಹೋಗಿ ಬಾ," ಎಂದರು ಇವರು. "ಅಂವ ಎಂತ ಮಾತಾಡ್ದೆ ಅಂತ ನಂಗೆ ಹೇಳ್." ಆಳಿನ ಮೇಲೂ ಎಷ್ಟು ಕಾಳಜಿ!

೫ ಜೂನ್, ಭಾನುವಾರ

ನಾನು ಒಂದು ಉಪಾಯ ಕಂಡುಹಿಡಿದಿದ್ದೇನೆ! ಬಾಟಲಿಗಳನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡುತ್ತಾರೆ. ಆದರೆ ಮಡಿಕೇರಿಯ ಈ ಚಳಿಗೆ ಕಂಬಕ್ಕೇರಿಸುವಷ್ಟರಲ್ಲಿ ತಣ್ಣಗಾಗುತ್ತವೆ. ತಣ್ಣನೆಯ ನೀರು ಹೊಟ್ಟೆಗಿಳಿದರೆ ಕೆಂಚ ಹಲ್ಲು ಕಟಕಟ ಕಡಿಯುತ್ತಾನೆ. ಎರಡು ದಿನ ಕೂತು ನಾಲ್ಕು ಉಣ್ಣೆ ಟೋಪಿ ಹೆಣೆದೆ, ಟೀ ಪಾತ್ರೆಗೆ ಹಾಕುತ್ತೇವಲ್ಲ, ಹಾಗೆಯೇ. ಕೆಂಪು ಎರಡು, ಹಳದಿ ಎರಡು. ಕತ್ತಿನವರೆಗೂ ಮುಚ್ಚುತ್ತದೆ, ಸೂಜಿಗಳಿಗೆ ಮಾತ್ರ ಚಿಕ್ಕ ಬಾಯಿ.

ಹಿರಿಯ ನರ್ಸ್ ಮುತ್ತಮ್ಮ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಏನಮ್ಮ, ಬಾಟ್ಲಿಗೂ ನೆಗಡಿ ಆಗ್ತದಾ? ಗಾಳಿಸೂಜಿ ಹತ್ರ ಬಟ್ಟೆ ಬರಬಾರದು." ಡಾಕ್ಟರು ನಕ್ಕು, ಇರಲಿ ಬಿಡಿ ಎಂದರು. ಮುತ್ತಮ್ಮನಿಗೆ ಚೆನ್ನಾಗಿ ಆಯಿತು!

ಆಮೇಲೆ ಒಂದು ಘಟನೆ. ಚೋಮಿ ಗಂಜಿ ತರಲು ಹೋದಾಗ ಕೆಂಚ ನನ್ನನ್ನು ಹತ್ತಿರ ಕರೆದ. ಎರಡೂ ಕೈ ಜೋಡಿಸಿದ.

"ಅಮ್ಮಾ, ನಾನು ಡ್ರಮ್ಮಿನ ನೀರು ಕುಡಿದಿಲ್ಲ. ನಿಮ್ಮ ಬಾಟ್ಲಿ ಕದ್ದು ಕುಡ್ದೆ. ಮೂರ್ನಾಲ್ಕು ಸಲ. ಅದಕ್ಕೇ ದೈವ ಹಿಡೀತು. ತಪ್ಪಾಯ್ತು ಅಂತ ಹೇಳದೆ ಸತ್ತರೆ ಗತಿ ಇಲ್ಲ ನಂಗೆ."

ನನಗೆ ಕಣ್ಣೀರೇ ಬಂತು. "ಕ್ಷಮಿಸಿದ್ದೇನೆ ಕೆಂಚ, ಇನ್ನು ಯಾರಿಗೂ ಹೇಳಬೇಡ," ಎಂದೆ. ಅವನ ಮುಖ ಹೇಗೆ ಅರಳಿತು! ಕ್ಷಮಿಸುವುದರಲ್ಲಿ ಎಂಥ ಸುಖವಿದೆ ಎಂದು ಸಿಸ್ಟರ್‌ಗಳು ಹೇಳುತ್ತಿದ್ದದ್ದು ಇವತ್ತು ಅರ್ಥವಾಯಿತು. ದಾರಿಯುದ್ದಕ್ಕೂ ಮನಸ್ಸು ಹಗುರ.

೯ ಜೂನ್, ಗುರುವಾರ

ಮಳೆ ಹಿಡಿಯಿತು. ನಿಲ್ಲುವುದೇ ಇಲ್ಲ. ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಕೂಡ ಬೂಷ್ಟು ಬಂದಿದೆ. ಒಗೆದದ್ದನ್ನೆಲ್ಲ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಒಣಗಿಸಬೇಕು. ನನ್ನ ಟೋಪಿಗಳನ್ನೂ ದಿನಾ ಹಾಗೆಯೇ ಒಣಗಿಸುತ್ತೇನೆ. ಮೇಲೆ ಒಣಗುತ್ತದೆ, ಒಳಗೆ ಹಸಿ. ಇವತ್ತು ಹಳದಿಯದರ ಒಳಮಗ್ಗುಲಲ್ಲಿ ಹಸಿರು ಚುಕ್ಕೆಗಳಿದ್ದವು. ಮಳೆಗಾಲದಲ್ಲಿ ಯಾವುದಕ್ಕೆ ಬರುವುದಿಲ್ಲ? ಬ್ರಷ್ಷಿನಿಂದ ಕೊಡವಿ, ಬಾಟಲಿಗೆ ಹಾಕಿದೆ.

ಚೋಮಿ ಊರಿಗೆ ಹೋಗಿ ಗುಳಿಗ ದೈವದ ಕಲ್ಲಿನ ಬುಡದ ಮಣ್ಣು ತಂದಿದ್ದಳು, ಬಟ್ಟೆಯಲ್ಲಿ ಗಂಟು ಕಟ್ಟಿ. ಕೆಂಚನ ಸೊಂಟಕ್ಕೆ ಕಟ್ಟಬೇಕು, ಮುತ್ತಮ್ಮ ಬಿಡುವುದಿಲ್ಲ. ನಾನೇ ಮುತ್ತಮ್ಮನನ್ನು ಮಾತಿಗೆಳೆದು ನಿಲ್ಲಿಸಿದೆ. ಚೋಮಿ ಬೆನ್ನಿನ ಕಡೆಗೆ, ಯಾರಿಗೂ ಕಾಣದ ಹಾಗೆ ಕಟ್ಟಿದಳು. ಎಷ್ಟು ಪ್ರೀತಿ! ಇವರಿಗೆ ಏನಾದರೂ ಆದರೆ ನಾನೂ ಹೀಗೆಯೇ ಮಾಡುತ್ತೇನೆ ಅಂದುಕೊಂಡೆ.

೧೩ ಜೂನ್, ಸೋಮವಾರ

ಕೆಂಚನಿಗೆ ಮೂತ್ರ ಬಂತು! ಅರ್ಧ ಲೋಟದಷ್ಟು. ಚೋಮಿ ಆ ಎನಾಮಲ್ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ವರಾಂಡದುದ್ದಕ್ಕೂ ಓಡಿದಳು.

"ನೋಡಿ, ನೋಡಿ! ನನ್ನ ಗಂಡ ಹೊಯ್ದ!"

"ಹೂಂ, ಊರಿಗೆಲ್ಲ ಹಂಚು," ಎಂದಳು ಮುತ್ತಮ್ಮ. ಹೇಳುತ್ತಲೇ ಕಣ್ಣೊರೆಸಿಕೊಂಡಳು. ಡಾಕ್ಟರು ಇನ್ನೊಂದೇ ವಾರ ಎಂದರು, ಆಮೇಲೆ ಮನೆಗೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಜೀಪಿನಲ್ಲಿ ಬರುವಾಗ ಯೋಚನೆ ಬಂತು. ಕೆಂಚ ಲೈನಿಗೆ ವಾಪಸು ಬರುತ್ತಾನೆ. ಸಂಜೆ ಬೆಂಕಿಯ ಸುತ್ತ ಕೂತು ಎಲ್ಲರ ಹತ್ತಿರ ಬಾಟಲಿಯ ವಿಷಯ ಹೇಳುತ್ತಾನೆ. ಲಿಂಗಿಯೂ ಅಲ್ಲಿ ಕೂತಿರುತ್ತಾಳೆ. ಇವರಿಗೆ ಹೇಳಿದೆ. ಇವರು ಸಿಗರೇಟು ಹಚ್ಚಿದರು, ಅದರ ಬೆಂಕಿಯಿಂದಲೇ ಇನ್ನೊಂದು ಹಚ್ಚಿದರು.

೧೫ ಜೂನ್, ಬುಧವಾರ

ಹೊಟ್ಟೆಯಿಂದ ಇಳಿದ ನೀರು ಇವತ್ತು ತಿಳಿಯಾಗಿರಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗಿತ್ತು. ಕೆಂಚನಿಗೆ ಜ್ವರ. ಹೊಟ್ಟೆ ಮುಟ್ಟಿದರೆ ಕಿರುಚುತ್ತಾನೆ. ಪೆನ್ಸಿಲಿನ್, ಇನ್ನೂ ಏನೇನೋ ಇಂಜೆಕ್ಷನ್ ಕೊಡುತ್ತಿದ್ದಾರೆ.

೧೮ ಜೂನ್, ಶನಿವಾರ

ಇಂಜೆಕ್ಷನ್ನುಗಳು ನಾಟಲಿಲ್ಲ. ಡಾಕ್ಟರು ನನ್ನನ್ನು ಒಳಗೆ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಗಾಜಿನ ಮೇಲೆ ಒಂದು ತೊಟ್ಟು ಕೆಂಚನ ಹೊಟ್ಟೆಯ ನೀರು. ಅದರಲ್ಲಿ ನೂಲಿನ ಎಳೆಗಳು, ಕವಲೊಡೆದು ಕವಲೊಡೆದು ಹಬ್ಬಿದ್ದವು. ಚಂದವೇ ಇತ್ತು.

"ಫಂಗಸ್," ಎಂದರು. "ಮನುಷ್ಯರ ಹೊಟ್ಟೆಗೆ ಬರುವ ಜಾತಿಯೇ ಅಲ್ಲ ಇದು, ಮಿಸೆಸ್ ದೇರಪ್ಪ. ಮಣ್ಣಲ್ಲಿ, ಕೊಳೆತ ಎಲೆಯಲ್ಲಿ, ಒದ್ದೆ ಬಟ್ಟೆಯಲ್ಲಿ ಬೆಳೆಯೋ ಬೂಷ್ಟು. ನಾನು ಪುಸ್ತಕದಲ್ಲೂ ನೋಡಿಲ್ಲ. ಹೇಗೆ ಒಳಗೆ ಹೋಯ್ತು? ಅವನ ಹತ್ತಿರ ಒದ್ದೆಯಾದದ್ದು, ಹೊರಗಿನದು ಏನಿತ್ತು, ಯೋಚಿಸಿ ಹೇಳಿ."

ಯೋಚಿಸಿ ಹೇಳುತ್ತೇನೆ ಎಂದೆ.

ಟ್ಯೂಬು ತೆಗೆದುಬಿಟ್ಟರು. ಈ ಬೂಷ್ಟಿಗೆ ಒಂದೇ ಔಷಧ ಇರುವುದು, ಬೊಂಬಾಯಿಯಲ್ಲಿ ಸಿಗಬಹುದು. ಇವತ್ತೇ ತಂತಿ ಕೊಟ್ಟರೆ ನಾಲ್ಕು ದಿನದಲ್ಲಿ ಬರುತ್ತದೆ, ಆಗ ಆಸೆ ಇದೆ ಎಂದರು. ಬೊಂಬಾಯಿಯ ಕಂಪನಿಯ ವಿಳಾಸ, ಔಷಧದ ಹೆಸರು ಬರೆದು ಚೀಟಿ ಕೊಟ್ಟರು. ಬೊಂಬಾಯಿಯಲ್ಲಿ ಇವರ ಸೋದರಮಾವ ಇದ್ದಾರೆಂದು ನಾನೇ ಹಿಂದೆ ಹೇಳಿದ್ದೆ, ಅವರು ಹೋಗಿ ಕೊಂಡು ಕಳಿಸಲಿ ಎಂದರು ಡಾಕ್ಟರು. ಚೀಟಿಯನ್ನು ಇವರಿಗೆ ಕೊಟ್ಟೆ. ಓದಿ ಕೋಟಿನ ಜೇಬಿನಲ್ಲಿಟ್ಟುಕೊಂಡರು. "ನಾ ತಂತಿ ಕೊಡ್ನೆ. ನೀ ತಲೆ ಬಿಸಿ ಮಾಡಬೇಡ."

ಟೋಪಿಗಳನ್ನು ಮನೆಗೆ ತಂದು ಒಲೆಗೆ ಹಾಕಿದೆ. ಹೇಗೂ ಹಳೆಯವಾಗಿದ್ದವು.

೨೧ ಜೂನ್, ಮಂಗಳವಾರ

ವರಾಂಡದಲ್ಲಿ ಚೋಮಿ ಅಡ್ಡ ಬಂದಳು. ಲಿಂಗಿ ನಿನ್ನೆ ಕೆಂಚನನ್ನು ನೋಡಲು ಬಂದಿದ್ದಳಂತೆ.

"ಅಮ್ಮಾ, ಲಿಂಗಿ ಎಂತದೋ ಬೊಗಳ್ತಾಳೆ. ನೀಲಿ ಕಲ್ಲು ಬಾಟ್ಲಿಗೆ ಹಾಕಿದ್ದು ನೀವಂತೆ. ಕಣ್ಣಾರೆ ನೋಡಿದಳಂತೆ. ಸುಳ್ಳಲ್ವಾ ಅಮ್ಮಾ? ನೀವು ಸುಳ್ಳು ಅಂದರೆ ಅವಳ ಜುಟ್ಟು ಹಿಡಿದು ಕೇಳ್ತೀನಿ."

"ಸುಳ್ಳು," ಎಂದೆ.

"ನಂಗೆ ಗೊತ್ತಿತ್ತು," ಎಂದಳು. ಆದರೆ ದಾರಿ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಮುಖವನ್ನೇ ನೋಡುತ್ತಿದ್ದಳು. ಆಳುಗಳು ಹಾಗೆ ನೋಡುವುದು ನನಗೆ ಇಷ್ಟವಿಲ್ಲ.

ನಾನು ನೇರವಾಗಿ ಡಾಕ್ಟರ ಕೋಣೆಗೆ ಹೋದೆ. ಯೋಚಿಸಿ ಹೇಳಿ ಎಂದಿದ್ದಿರಲ್ಲ, ಅವನ ಸೊಂಟದ ಹಿಂದೆ ನೋಡಿ ಎಂದೆ. ಮುತ್ತಮ್ಮ ಹೊರಳಿಸಿ ನೋಡಿದಳು. ಗಂಟು ಬೆವರಿಗೆ ನೆನೆದು ಕೆಸರಾಗಿತ್ತು. ಡಾಕ್ಟರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. "ಕೊಂದೆಯಲ್ಲೇ! ನಾನು ಹಗಲೂ ರಾತ್ರಿ ಕಾದು ಉಳಿಸಿದವನನ್ನು ಒಂದು ಹಿಡಿ ಮಣ್ಣು ಕಟ್ಟಿ ಕೊಂದೆಯಲ್ಲೇ!"

ಚೋಮಿಯನ್ನು ಹೊರಗೆ ಹಾಕಿದರು. ಇನ್ನು ಅವಳು ವಾರ್ಡಿನೊಳಗೆ ಕಾಲಿಡುವ ಹಾಗಿಲ್ಲ. ಹೋಗುವಾಗ ನನ್ನ ಕಡೆ ನೋಡಿದಳು. ಕಟ್ಟುವಾಗ ನಾನು ಇದ್ದೆನೆಂದು ಹೇಳುತ್ತಾಳೋ ಅಂದುಕೊಂಡೆ. ಹೇಳಲಿಲ್ಲ.

"ಅಲ್ಲ ಸಾರ್, ಮಣ್ಣು ಇದ್ದದ್ದು ಬೆನ್ನಲ್ಲಿ, ತೂತು ಇದ್ದದ್ದು ಹೊಟ್ಟೇಲಿ," ಎಂದಳು ಮುತ್ತಮ್ಮ. ಡಾಕ್ಟರು ಆಗಲೇ ಗಂಟನ್ನು ಗಾಜಿನ ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋಗಿದ್ದರು.

೨೨ ಜೂನ್, ಬುಧವಾರ

ಲಿಂಗಿಯನ್ನು ಕುಟ್ಟ ಎಂಬ ದೂರದ ಊರಿನ ಕಡೆ ಇವರ ಸ್ನೇಹಿತರ ಎಸ್ಟೇಟಿಗೆ ಕಳಿಸಿದರು. ಅಡುಗೆ ಈಗ ನಾನೇ.

ಇವರ ಕೋಟು ಒದ್ದೆಯಾಗಿತ್ತು. ಬೆಂಕಿಗೆ ಹಿಡಿಯುವ ಮೊದಲು ಜೇಬು ಖಾಲಿ ಮಾಡಿದೆ. ಡಾಕ್ಟರ ಚೀಟಿ ಮಡಿಚಿದ ಹಾಗೆಯೇ ಇತ್ತು. ಕೋಟು ಒಣಗಿದ ಮೇಲೆ ಅಲ್ಲಿಯೇ ವಾಪಸು ಇಟ್ಟೆ. ತಂತಿ ಹೋಯಿತೆ ಎಂದು ಡಾಕ್ಟರು ಕೇಳಿದ್ದರು. ಹೋಯಿತು ಎಂದಿದ್ದೆ.

೨೪ ಜೂನ್, ಶುಕ್ರವಾರ

ಹನ್ನೊಂದು ಗಂಟೆಗೆ ಕೆಂಚ ತೀರಿಕೊಂಡ. ಇವರು ಹೇಳಿದ್ದರಿಂದ ನಾನು ಬೆಳಿಗ್ಗೆಯಿಂದ ಹತ್ತಿರವೇ ಕೂತಿದ್ದೆ. ಹೊಟ್ಟೆ ಹಲಗೆಯ ಹಾಗಾಗಿತ್ತು. ಮೂತ್ರ ಮಾತ್ರ ಚೆನ್ನಾಗಿ ಬರುತ್ತಿತ್ತು. ಮೂತ್ರಪಿಂಡಗಳು ಪೂರ್ತಿ ಗುಣವಾಗಿವೆ ಎಂದರು ಡಾಕ್ಟರು.

ಕಿಟಕಿಯಿಂದ ಗೇಟು ಕಾಣುತ್ತದೆ. ಚೋಮಿ ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕೂತಿದ್ದಳು. ಒಳಗೆ ಬಿಡೋಣವೇ ಎಂದು ಮುತ್ತಮ್ಮ ನನ್ನನ್ನು ಕೇಳಿದಳು. ಡಾಕ್ಟರನ್ನು ಕೇಳಬೇಕು ಎಂದೆ. ಡಾಕ್ಟರು ಮೈಕ್ರೋಸ್ಕೋಪಿನ ಕೋಣೆಯಲ್ಲಿದ್ದರು, ತೊಂದರೆ ಕೊಡಲಿಲ್ಲ.

ಕೆಂಚ ಕಣ್ಣು ಬಿಟ್ಟು, "ಚೋಮಿ ಉಂಡಳಾ?" ಎಂದ. ಉಂಡಳು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ. ಆಮೇಲೆ ಏನೂ ಕೇಳಲಿಲ್ಲ.

೨೭ ಜೂನ್, ಸೋಮವಾರ

ಪೊಲೀಸರಿಗೆ ಕೊಡಲು ಚೋಮಿಯ ಒಂದು ಹೇಳಿಕೆ ಬೇಕಿತ್ತು. ನಾನೇ ಇಂಗ್ಲಿಷಿನಲ್ಲಿ ಬರೆದೆ. ನನ್ನ ಗಂಡ ಬಾಯಾರಿ ಸ್ಪ್ರೇ ಡ್ರಮ್ಮಿನಿಂದ ಕುಡಿದ; ಸಾಹುಕಾರರು ಆಸ್ಪತ್ರೆಗೆ ಸೇರಿಸಿ ಉಳಿಸಿದರು; ಡಾಕ್ಟರ ಮಾತು ಮೀರಿ ನಾನು ಕಟ್ಟಿದ ಮಣ್ಣಿನಿಂದ ಬೂಷ್ಟು ಹಿಡಿದು ಸತ್ತ. ಒಂದೂ ತಪ್ಪಿಲ್ಲದ ಬರವಣಿಗೆ ಎಂದರು ಇವರು, ಎರಡು ಸಲ ಓದಿ. ಡಾಕ್ಟರೂ ಆ ಬೂಷ್ಟಿನ ಮೇಲೆ ಲೇಖನ ಬರೆಯುತ್ತಿದ್ದಾರೆ. ಮಣ್ಣಿನ ಗಂಟಿನ ಫೋಟೋ ತೆಗೆಸಿದ್ದಾರಂತೆ.

ಚೋಮಿಯನ್ನು ಕರೆಸಿದೆವು. ಜಗಲಿಯ ಕೆಳಗೆ ನಿಂತಳು. ಕಾಗದದಲ್ಲಿ ಏನಿದೆ ಎಂದು ಇವರು ಕನ್ನಡದಲ್ಲಿ ಹೇಳಿದರು. ಅವಳು ಹೆಬ್ಬೆಟ್ಟು ಒತ್ತಲಿಲ್ಲ.

"ಡ್ರಮ್ಮಿಂದ ಕುಡಿದಿಲ್ಲ ಅವ. ಲಿಂಗಿ ಹೇಳಿದ್ದು ನಾನು ಮರ್ತಿಲ್ಲ, ಸಾಹುಕಾರ್ರೆ."

ಇವರ ಮುಖ ಕೆಂಪಾಯಿತು. ಲೈನಿನ ಮನೆ ಖಾಲಿ ಮಾಡು ಎಂದು ಹೇಳಲು ಬಾಯಿ ತೆಗೆದರು. ನಾನು ಕಣ್ಣಿನಲ್ಲೇ ತಡೆದು, ಮೆಟ್ಟಿಲಿಳಿದು ಅವಳ ಹತ್ತಿರ ಹೋದೆ. ಅವಳಿಗೆ ಬೇಕಾಗಿದ್ದದ್ದು ಬೇರೆಯೇ ಎಂದು ನನಗೆ ಗೊತ್ತಿತ್ತು. ನಾನು ಹತ್ತಿರ ಬಂದದ್ದೇ ಅದನ್ನೇ ಕೇಳಿದಳು.

"ಕೊನೇಲಿ ನೀವಿದ್ದಿರಲ್ಲ ಅಮ್ಮಾ. ಏನಾದರೂ ಹೇಳಿದನಾ? ನನ್ನ ಹೆಸರು ಎತ್ತಿದನಾ?"

"ಎತ್ತಿದ," ಎಂದೆ. "ಚೋಮಿ ಮಣ್ಣು ಕಟ್ಟದೆ ಇದ್ದಿದ್ದರೆ ನಾನು ಬದುಕುತ್ತಿದ್ದೆ ಅಂದ."

ಮಳೆ ಬಿಟ್ಟಿತ್ತು. ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಎಂದಳು ಅವಳು. ಹೇಳಿದೆ. ಎರಡನೆಯ ಸಲ ಸುಲಭವಾಗಿತ್ತು.

ಅವಳೇ ಹೆಬ್ಬೆರಳು ಮುಂದೆ ಚಾಚಿದಳು. ಎಲ್ಲಿ ಒತ್ತಬೇಕೆಂದು ನಾನು ಕೈ ಹಿಡಿದು ತೋರಿಸಿದೆ. ನಾಳೆಯಿಂದ ಕಳೆ ತೆಗೆಯಲು ಬರುತ್ತೇನೆ ಎಂದು ಹೇಳಿ ಹೋದಳು. ಬಂಗಲೆಯ ಒಳಗೆಲಸಕ್ಕೇ ಬಾ ಎನ್ನಬೇಕು. ಲಿಂಗಿ ಹೋದ ಮೇಲೆ ನನಗೂ ಕೈಗೊಬ್ಬರು ಬೇಕು.